ತಂಗಿಯ ಕಣ್ಣಿಗೆ ನಾಲ್ಕು ಕಡೆ ರೇಟು ಕೇಳಿದ್ದು

ಆಸ್ಪತ್ರೆಗಳನ್ನು ಸರಕಾರ ನಡೆಸಬಾರದು, ಜನರ ಕೈಗೆ ಕೂಪನ್ ಕೊಟ್ಟುಬಿಡಬೇಕು, ಅವರವರಿಗೆ ಬೇಕಾದ ಕಡೆ ಹೋಗಿ ಚಿಕಿತ್ಸೆ ಕೊಂಡುಕೊಳ್ಳಲಿ ಎಂದು ನನ್ನ ಅಳಿಯ ಹೇಳುತ್ತಾರೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಈ ಮಾತು ಶುರುವಾದದ್ದು ಒಂದು ಭಾನುವಾರ, ಊಟದ ಹೊತ್ತಿಗೆ. ಇನ್ನೂ ಮುಗಿದಿಲ್ಲ.

ಅಳಿಯ ಧಾರವಾಡದ ಕಡೆಯವರು. ನವಿ ಮುಂಬಯಿಯಲ್ಲಿ ಒಂದು ವಿಮೆ ಕಂಪೆನಿಯಲ್ಲಿ ಕೆಲಸ. ಮಾತು ಚೆನ್ನಾಗಿ ಬರುತ್ತದೆ. ಸುಳ್ಳು ಹೇಳುವವರಲ್ಲ, ಕುಡಿಯುವವರಲ್ಲ. ನಾನು ಮಗಳ ಮನೆಯಲ್ಲಿ ಬಂದು ಕೂತಿದ್ದೇನೆಂದು ಒಂದು ದಿನವೂ ಮುಖ ಹುಳಿ ಮಾಡಿದವರಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಅವರ ಮೇಲೆ ಸಿಟ್ಟೇ ಹೆಚ್ಚು.

ನಮ್ಮ ಕನ್ನಡ ಸಂಘದವರು ಒಂದು ಚರ್ಚೆ ಇಟ್ಟಿದ್ದರು. ದೇಶದ ಆರೋಗ್ಯ ವ್ಯವಸ್ಥೆಯನ್ನು ಮಾರುಕಟ್ಟೆಗೆ ಬಿಡಬೇಕೋ ಬೇಡವೋ ಎಂಬುದು ವಿಷಯ. ಬಿಡಬೇಕು ಎನ್ನಲು ಅಳಿಯ, ಬೇಡ ಎನ್ನಲು ಒಬ್ಬ ನಿವೃತ್ತ ಮೇಷ್ಟ್ರು. ಅಳಿಯನ ಭಾಷಣದ ತಯಾರಿ ನಮ್ಮ ಊಟದ ಮೇಜಿನ ಮೇಲೇ ನಡೆಯುತ್ತಿತ್ತು.

"ನೋಡ್ರಿ ಅತ್ತಿ, ಥಾಣೆಯ ನೌಪಾಡಾದಾಗ ನೀವು ನಡಸ್ತಿದ್ದ ಹೋಟೆಲಿನ ಎದುರಿಗೆ ಇನ್ನೊಂದು ಹೋಟೆಲ್ ಬಂತಲ್ಲ, ಆವಾಗ ನೀವು ಏನ್ ಮಾಡಿದ್ರಿ?"

"ಚಟ್ನಿಗೆ ತೆಂಗಿನಕಾಯಿ ಜಾಸ್ತಿ ಹಾಕಿದೆವು."

"ಅದ ನೋಡ್ರಿ! ದವಾಖಾನಿನೂ ಹಂಗ ಆಗಬೇಕು. ಎದುರಿಗೆ ಇನ್ನೊಬ್ಬ ಅಂಗಡಿ ತಗದ್ರ ಇವ ತಾನಾಗೇ ನೆಟ್ಟಗಾಗ್ತಾನ."

"ಚಟ್ನಿ ಹಳಸಿದ್ರೆ ಗಿರಾಕಿ ಮರುದಿನ ಎದುರಿನ ಹೋಟೆಲಿಗೆ ಹೋಗ್ತಾನೆ. ಕಣ್ಣಿನ ಆಪರೇಶನ್ ಹಳಸಿದ್ರೆ ಮರುದಿನ ಯಾವ ಕಣ್ಣು ಹಿಡ್ಕೊಂಡು ಎದುರಿಗೆ ಹೋಗುದು?"

"ಅಮ್ಮಾ, ಅವರನ್ನು ಊಟ ಮಾಡ್ಲಿಕ್ಕೆ ಬಿಡು," ಎಂದಳು ಮಗಳು.

ಕಣ್ಣಿನ ಮಾತು ನನ್ನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಆ ದಿನ ನನ್ನ ತಂಗಿಯೂ ಊಟಕ್ಕೆ ಕೂತಿದ್ದಳು. ಅವಳು ಬದಲಾಪುರದಲ್ಲಿ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಇರುವುದು. ಗಂಡ ತೀರಿಹೋಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ. ಸೀರೆಗೆ ಫಾಲ್ ಹೊಲಿದು ಬದುಕುತ್ತಾಳೆ. ಎಡಗಣ್ಣಿನಲ್ಲಿ ಪೊರೆ ಬೆಳೆದು ಬೆಳ್ಳಗಾಗಿತ್ತು, ಬಲಗಣ್ಣಿನಲ್ಲಿ ಶುರುವಾಗಿತ್ತು. ಆ ವಾರ ಒಬ್ಬ ಗಿರಾಕಿ ಸೀರೆ ವಾಪಸು ತಂದು ಅವಳ ಮುಂದೆ ಬಿಸಾಡಿದ್ದಳಂತೆ. ತಂಗಿ ಫಾಲನ್ನು ಸೆರಗಿನ ಕಡೆಗೆ ಹೊಲಿದುಬಿಟ್ಟಿದ್ದಳು. ನಲವತ್ತು ವರ್ಷ ಸೂಜಿ ಹಿಡಿದವಳು.

ಅವಳ ಲೆಕ್ಕ ಸರಳ. ಕಣ್ಣಿದ್ದರೆ ಬದಲಾಪುರದಲ್ಲಿ ಅವಳ ಬೀಗ, ಅವಳ ಒಲೆ. ಕಣ್ಣು ಹೋದರೆ ನಮ್ಮ ಮನೆಯ ಮೂಲೆ. ಅವಳಿಗೆ ಆ ಮೂಲೆ ಬೇಡವಾಗಿತ್ತು. ನಿಜ ಹೇಳಬೇಕೆಂದರೆ ನನಗೂ ಬೇಡವಾಗಿತ್ತು. ಎರಡು ಬೆಡ್‌ರೂಮಿನ ಮನೆ, ಆಗಲೇ ನಾಲ್ಕು ಜನ. ನಾನೇ ಹಾಲ್‌ನಲ್ಲಿ ಮಲಗುವವಳು.

ಅಳಿಯ ತಟ್ಟನೆ ತಿರುಗಿ ಅವಳನ್ನೇ ನೋಡಿದರು. "ಚಿಕ್ಕತ್ತಿ, ನಿಮ್ಮ ಕಣ್ಣಿನ ಖರ್ಚು ನಂದು. ಆದ್ರ ಒಂದು ಮಾತು. ನಾಲ್ಕು ಕಡೆ ಹೋಗಿ ರೇಟ್ ಕೇಳೋಣು. ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿ. ಎಲ್ಲಾ ಬರದಿಟ್ಟುಕೊಂಡು ನಾ ಸಭಾದಾಗ ಓದತೀನಿ. ಗಿರಾಕಿ ಕೇಳಿದ್ರ ರೇಟು ಹೆಂಗ ಇಳೀತದ ಅಂತ ಜನಕ್ಕ ಗೊತ್ತಾಗ್ಲಿ."

ಖರ್ಚು ಅವರದು ಎಂದಮೇಲೆ ನಾವು ಬಾಯಿ ಬಿಡುವ ಹಾಗಿರಲಿಲ್ಲ. ಮೇಲಾಗಿ, ಮೂರು ಕಡೆ ಕೇಳದೆ ತೆಂಗಿನಕಾಯಿಯನ್ನೂ ತರಬಾರದು ಎಂದು ಕಲಿತು ಬೆಳೆದವಳು ನಾನು. ಹೂಂ ಅಂದೆ.

ಮೊಮ್ಮಗಳು ಮೊಬೈಲಿನಲ್ಲಿ ಆಸ್ಪತ್ರೆ ಹುಡುಕಿಕೊಟ್ಟಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. "ಅಜ್ಜಿ, ಇಸ್ಕೋ ಸಾಢೇ ಚಾರ್ ಸ್ಟಾರ್ ಹೈ."

"ನಾಲ್ಕೂವರೆ ಸ್ಟಾರ್ ಕೊಟ್ಟದ್ದು ಯಾರು?"

"ಲೋಗ್."

"ಕಣ್ಣು ಕಾಣುವ ಜನರೋ, ಕಾಣದವರೋ?"

"ಅಜ್ಜಿ, ಪ್ಲೀಸ್."

ಮೊದಲು ಥಾಣೆಗೆ ಹೋದೆವು. ಎಸಿ ಹಾಕಿದ ಕೋಣೆ, ಕುಡಿಯಲು ಕಾಫಿ. ಲಿಪ್‌ಸ್ಟಿಕ್ ಹಚ್ಚಿದ ಒಬ್ಬ ಹುಡುಗಿ ನಮ್ಮ ಮುಂದೆ ಒಂದು ಕಾರ್ಡು ಇಟ್ಟಳು. ಅದರಲ್ಲಿ ಕಣ್ಣಿನೊಳಗೆ ಕೂರಿಸುವ ಲೆನ್ಸುಗಳ ಪಟ್ಟಿ, ಮೇಲಿನಿಂದ ಕೆಳಗೆ ದರ ಏರುತ್ತಾ ಹೋಗುತ್ತಿತ್ತು. ನಮ್ಮ ಹೋಟೆಲಿನಲ್ಲಿಯೂ ಸಾದಾ, ಮಸಾಲೆ, ಮೈಸೂರು ಎಂದು ದೋಸೆಯ ಪಟ್ಟಿ ಇತ್ತು. ಸಾದಾ ದೋಸೆ ತಿಂದವನಿಗೆ ಕಡಿಮೆಯಾಗುವುದು ಪಲ್ಯ ಎಂದು ನಾನು ಕೂತಲ್ಲೇ ಹೇಳುತ್ತೇನೆ. ಸಾದಾ ಲೆನ್ಸಿನಲ್ಲಿ ಕಡಿಮೆಯಾಗುವುದು ಏನು ಎಂದು ಹುಡುಗಿಯನ್ನು ಕೇಳಿದೆ. "ಕ್ವಾಲಿಟಿ, ಆಂಟಿ," ಎಂದಳು. ಎಂಥ ಕ್ವಾಲಿಟಿ ಎಂದು ಕೇಳಿದರೆ ಮತ್ತೆ ಕಾಫಿ ಬೇಕೇ ಎಂದಳು.

ನವಿ ಮುಂಬಯಿಯಲ್ಲಿ ದರವನ್ನೇ ಹೇಳಲಿಲ್ಲ. ಮೊದಲು ನಮ್ಮ ಡಾಕ್ಟರು ನೋಡಬೇಕು, ನಮ್ಮದೇ ಟೆಸ್ಟು ಆಗಬೇಕು ಎಂದರು. ಥಾಣೆಯ ಟೆಸ್ಟಿನ ಕಾಗದ ತೋರಿಸಿದರೆ ಅದನ್ನು ಮುಟ್ಟಲೂ ಇಲ್ಲ. ಡೊಂಬಿವಲಿಯಲ್ಲಿ ಸ್ಟೇಶನ್ನಿನ ಹತ್ತಿರದ ಸಣ್ಣ ದವಾಖಾನೆಯ ಡಾಕ್ಟರು ಸಭ್ಯ ಮನುಷ್ಯ. ದರ ಹೇಳಿದರು, ಆದರೆ ಆಪರೇಶನ್ ಮಾಡುವವರು ಹೊರಗಿನಿಂದ ಗುರುವಾರ ಮಾತ್ರ ಬರುತ್ತಾರೆ, ಏನಾದರೂ ಹೆಚ್ಚುಕಡಿಮೆಯಾದರೆ ಬೇರೆ ಕಡೆ ಕಳಿಸಬೇಕಾಗುತ್ತದೆ ಎಂದೂ ಹೇಳಿದರು. ಸತ್ಯ ಹೇಳಿದ್ದಕ್ಕೇ ನಾವು ಅವರನ್ನು ಬಿಟ್ಟೆವು. ಕಲ್ಯಾಣದಲ್ಲಿ ಒಂದೇ ಮಾತು, ಪ್ಯಾಕೇಜು. ಎಲ್ಲ ಸೇರಿ ಇಷ್ಟು.

ಒಂದೊಂದು ಕಡೆಗೂ ತಂಗಿ ಬದಲಾಪುರದಿಂದ ಲೋಕಲ್ ಹಿಡಿದು, ನೂಕಿಸಿಕೊಂಡು ಬರಬೇಕು. ಒಂದೊಂದು ಕಡೆಯೂ ಕಣ್ಣಿಗೆ ಹೊಸದಾಗಿ ಮದ್ದು ಬಿಡುತ್ತಾರೆ. ಮದ್ದು ಬಿಟ್ಟರೆ ಆ ದಿನ ಹೊಲಿಗೆ ಇಲ್ಲ.

"ಎಷ್ಟು ಸಲ ಬಿಡ್ತಾರೆ ಅಕ್ಕ? ಇದೆಂತ ಕಣ್ಣಾ, ಗುಂಡಿಯಾ?" ಎಂದಳು ಒಂದು ದಿನ.

ಅಳಿಯ ಲ್ಯಾಪ್‌ಟಾಪಿನಲ್ಲಿ ಒಂದು ಕೋಷ್ಟಕ ಮಾಡಿದ್ದರು. ನಾಲ್ಕು ಆಸ್ಪತ್ರೆಗೆ ನಾಲ್ಕು ಸಾಲು. ಅರ್ಧಕ್ಕರ್ಧ ಮನೆಗಳು ಖಾಲಿ. ಒಬ್ಬನ ದರದಲ್ಲಿ ಔಷಧ ಸೇರಿದೆ, ಒಬ್ಬನದರಲ್ಲಿ ಇಲ್ಲ. ಒಬ್ಬ ಲೆನ್ಸು ಬಿಟ್ಟು ಹೇಳುತ್ತಾನೆ, ಇನ್ನೊಬ್ಬ ಹೇಳುವುದೇ ಇಲ್ಲ. ನಾನು ಅದನ್ನು ನೋಡಿ, "ಇದರಲ್ಲಿ ಅಗ್ಗ ಯಾವುದು ಹೇಳಿ ಕಾಂಬ" ಎಂದೆ.

"ಅದ ತೊಂದರಿ ನೋಡ್ರಿ ಅತ್ತಿ. ಎಲ್ಲಾರೂ ರೇಟ್ ಬೋರ್ಡ್ ಹಾಕಬೇಕಂತ ಕಾಯ್ದೆ ಮಾಡಿದ್ರ ಸರಿ ಹೋಗ್ತದ."

"ಕಾಯ್ದೆ ಮಾಡುದು ಯಾರು? ಸರಕಾರವೇ ಅಲ್ವಾ? ಅದು ಬೇಡ ಅಂತ ಅಲ್ವಾ ನಿಮ್ಮ ಭಾಷಣ?"

"ಹಂಗಲ್ರೀ," ಎಂದು ಶುರು ಮಾಡಿ ಅವರು ಬಹಳ ಹೊತ್ತು ಹೇಳಿದರು. ಸರಕಾರ ಆಟ ಆಡಬಾರದು, ಅಂಪೈರ್ ಆಗಿರಬೇಕು ಎಂಬುದು ಅದರ ಸಾರ. ಅದರಲ್ಲಿ ಅರ್ಥವಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅಷ್ಟು ಹೊತ್ತೂ ತಂಗಿ ಬಾಲ್ಕನಿಯ ಬೆಳಕಿಗೆ ಸೂಜಿ ಹಿಡಿದು ನೂಲು ತುರುಕುತ್ತಲೇ ಇದ್ದಳು, ಅದು ಹೋಗುತ್ತಿರಲಿಲ್ಲ. ಆ ಹೊತ್ತಿಗೆ ನಾವು ರೇಟು ಕೇಳಲು ಶುರು ಮಾಡಿ ಎರಡು ತಿಂಗಳಾಗಿತ್ತು.

ಕೊನೆಗೆ ಕಲ್ಯಾಣವೇ ಆಗಲಿ ಎಂದು ನಿರ್ಧಾರವಾಯಿತು. ಹೇಳಿದ ದಿನ ಬೆಳಿಗ್ಗೆ ಹೋದೆವು. ತಂಗಿಯನ್ನು ಒಳಗೆ ಕೂರಿಸಿ ಮದ್ದು ಬಿಟ್ಟರು, ಹಣೆಯ ಮೇಲೆ ಪಟ್ಟಿ ಅಂಟಿಸಿ ಎಡಗಣ್ಣು ಎಂದು ಗುರುತು ಹಾಕಿದರು. ಆಮೇಲೆ ಕೌಂಟರಿನ ಹುಡುಗಿ ನನ್ನನ್ನು ಕರೆದು, ಪೊರೆ ಬಹಳ ಗಟ್ಟಿಯಾಗಿದೆ, ಪ್ಯಾಕೇಜಿನ ಲೆನ್ಸು ಇವರಿಗೆ ಬೇಡ ಎಂದು ಡಾಕ್ಟರು ಹೇಳಿದ್ದಾರೆ, ಬೇರೆಯದು ಹಾಕಬೇಕು, ಇಷ್ಟು ಜಾಸ್ತಿಯಾಗುತ್ತದೆ ಎಂದು ಮರಾಠಿಯಲ್ಲಿ ಹೇಳಿದಳು.

ನನಗೆ ಮೈಯೆಲ್ಲ ಉರಿಯಿತು. ಕೊತ್ತಂಬರಿ ಕಟ್ಟಿಗೆ ದರ ಹೇಳಿ, ಚೀಲಕ್ಕೆ ಹಾಕುವಾಗ ಹೆಚ್ಚು ಕೇಳುವವನನ್ನು ನಾನು ಜನ್ಮವಿಡೀ ನೋಡಿದ್ದೇನೆ. ನಮ್ಮವರು ಹೋಟೆಲಿನ ಗಲ್ಲಾ ಬಿಟ್ಟು ಏಳುತ್ತಿರಲಿಲ್ಲ. ತರಕಾರಿ ತರುವುದು ನನ್ನ ಕೆಲಸವಾಗಿತ್ತು. ಇದೇ ಕಲ್ಯಾಣದ ಮಾರ್ಕೆಟಿಗೆ ಬೆಳಗಿನ ಗಾಡಿಗೆ ಬರುತ್ತಿದ್ದೆ. ಅಲ್ಲಿ ಒಂದು ಪದ್ಧತಿ ಉಂಟು. ದರ ಹೆಚ್ಚು ಹೇಳಿದರೆ ಜಗಳ ಮಾಡಬಾರದು. ನಿನ್ನ ದರ ಒಂದು ಸಲ ಹೇಳು, ಚೀಲ ಎತ್ತು, ನಡೆ. ಬೇಗ ನಡೆಯಬಾರದು, ಕರೆಯಲು ಅವನಿಗೆ ಸಮಯ ಕೊಡಬೇಕು. ತಿರುಗಿ ನೋಡಬಾರದು. ಹತ್ತು ಹೆಜ್ಜೆಯೊಳಗೆ "ಓ ಮಾವಶೀ" ಎಂದು ಕರೆಯುತ್ತಾನೆ. ಕರೆಯದವನನ್ನು ನಾನು ಆ ಮಾರ್ಕೆಟಿನಲ್ಲಿ ಕಂಡಿಲ್ಲ.

ನಾನು ಅದನ್ನೇ ಮಾಡಿದೆ. ಹೇಳಿದ ದರಕ್ಕೆ ಮಾಡುವುದಾದರೆ ಮಾಡಿ ಎಂದೆ. ಒಳಗೆ ಹೋಗಿ ತಂಗಿಯ ಕೈ ಹಿಡಿದು ಎಬ್ಬಿಸಿದೆ.

"ಎಂತಾಯ್ತು ಅಕ್ಕ?"

"ಸುಮ್ನೆ ಬಾ. ಮೆಲ್ಲ ನಡಿ."

ಮೆಲ್ಲಗೆ ನಡೆದೆವು. ಕೌಂಟರು ದಾಟಿದೆವು, ಗಾಜಿನ ಬಾಗಿಲು ದಾಟಿದೆವು, ಮೆಟ್ಟಿಲು ಇಳಿದೆವು. ಯಾರೂ ಕರೆಯಲಿಲ್ಲ. ಗೇಟಿನಲ್ಲಿ ನಿಂತು ಸೆರಗು ಸರಿ ಮಾಡಿಕೊಂಡೆ, ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು. ಕಡೆಗೆ ನಾನೇ ತಿರುಗಿ ನೋಡಿದೆ. ಕೌಂಟರಿನ ಹುಡುಗಿ ಮುಂದಿನವರ ಕಾಗದ ತೆಗೆದುಕೊಳ್ಳುತ್ತಿದ್ದಳು. ಬಿಸಿಲು ಕಣ್ಣಿಗೆ ಬಡಿದು ತಂಗಿ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡಿದ್ದಳು. ಹಣೆಯ ಪಟ್ಟಿ ಹಾಗೇ ಇತ್ತು.

"ಬರೀ ಬೆಳಕು ಅಕ್ಕ. ರಿಕ್ಷಾ ಎಲ್ಲುಂಟು?"

ತಿರುಗಿ ಒಳಗೆ ಹೋಗಿ, ಆಗಲಿ ಮಾಡಿ ಎನ್ನಬಹುದಿತ್ತು. ಅಷ್ಟು ಮೆಟ್ಟಿಲು ಹತ್ತಲು ನನ್ನ ಕಾಲಿಗೆ ಶಕ್ತಿಯಿತ್ತು, ಮುಖಕ್ಕೆ ಇರಲಿಲ್ಲ.

ಮನೆಯಲ್ಲಿ ಅಳಿಯ ನನ್ನ ಬೆನ್ನು ತಟ್ಟಲಿಲ್ಲ ಅಷ್ಟೆ. "ಶಾಭಾಸ್ ಅತ್ತಿ! ಎದ್ದು ಹೋಗೂದ ಗಿರಾಕಿಯ ಶಕ್ತಿ. ಇದನ್ನ ನಾ ಭಾಷಣದಾಗ ಹೇಳತೀನಿ. ನೋಡ್ರಿ ಬೇಕಾದ್ರ, ಅವರಾಗೇ ಫೋನ್ ಮಾಡ್ತಾರ."

ಫೋನು ಬಂತು ಕೂಡ. ನಾಲ್ಕು ದಿನ ಬಿಟ್ಟು ಆ ಆಸ್ಪತ್ರೆಯ ಇನ್ನೊಬ್ಬ ಹುಡುಗಿ ಮಾತಾಡಿದಳು, ಸ್ವಲ್ಪ ಬಿಡುತ್ತೇವೆ ಎಂದಳು. ಅಳಿಯನ ಮುಖ ಅರಳಿತು. ಇನ್ನೊಂದು ವಾರ ತಡೆಯಿರಿ, ಇನ್ನೂ ಇಳಿಸುತ್ತಾರೆ ಎಂದರು. ಇದನ್ನು ಅವರ ತಲೆಗೆ ಕಟ್ಟಿ ನಾನು ಪಾರಾಗಬಹುದು. ಆದರೆ ಆ ದಿನ ನನ್ನನ್ನೂ ಕೇಳಿದ್ದರು. ಮಧ್ಯಾಹ್ನವಾಗುತ್ತಾ ಬಂದರೆ ಟೊಮೇಟೊ ಅಗ್ಗವಾಗುತ್ತದೆ ಎಂದು ನನಗೆ ಗೊತ್ತಿತ್ತು. "ತಡೆಯುವ" ಎಂದೆ. ತಂಗಿಯನ್ನು ನಾವು ಇಬ್ಬರೂ ಕೇಳಲಿಲ್ಲ.

ಆ ವಾರ ಮುಗಿಯುವ ಮೊದಲೇ ಅವಳಿಗೆ ಎಡಗಣ್ಣು ಕೆಂಪಾಗಿ ನೋವು ಶುರುವಾಯಿತು. ಅರ್ಧ ತಲೆ ಒಡೆಯುವ ಹಾಗೆ ನೋವು, ಜೊತೆಗೆ ವಾಂತಿ. ಪಿತ್ತ ಇರಬೇಕೆಂದು ನೆರೆಮನೆಯವಳು ನಿಂಬೆಹಣ್ಣಿನ ಶರಬತ್ತು ಕೊಟ್ಟಳಂತೆ. ನಮಗೆ ತೊಂದರೆ ಕೊಡಬಾರದೆಂದು ತಂಗಿ ಒಂದು ದಿನ ಹಲ್ಲು ಕಚ್ಚಿಕೊಂಡು ಮಲಗಿ, ಮರುದಿನ ಬೆಳಿಗ್ಗೆ ಫೋನು ಮಾಡಿದಳು. ನಾನೂ ಮಗಳೂ ಓಡಿದೆವು. ಹತ್ತಿರದ ಖಾಸಗಿ ದವಾಖಾನೆಯವರು ಕಣ್ಣು ನೋಡಿದವರೇ, ಇದು ನಮ್ಮಿಂದ ಆಗುವುದಿಲ್ಲ, ದೊಡ್ಡ ಸರಕಾರಿ ಆಸ್ಪತ್ರೆಗೆ ಒಯ್ಯಿರಿ ಎಂದರು.

ಸರಕಾರಿ ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಇಬ್ಬರಿದ್ದರು. ಕಕ್ಕಸಿನ ಬಾಗಿಲಿಗೆ ಚಿಲಕವಿರಲಿಲ್ಲ. ಒಂದು ಮದ್ದನ್ನು ಹೊರಗಿನ ಅಂಗಡಿಯಿಂದ ತರಿಸಿದರು. ಆದರೆ ನೋವಿನಲ್ಲಿರುವವಳನ್ನು ನೋಡಿ ಯಾರೂ ಪ್ಯಾಕೇಜು ಎನ್ನಲಿಲ್ಲ, ಒಳಗೆ ಕರೆದುಕೊಂಡರು. ಮೊಮ್ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದು, ಒಬ್ಬ ಡಾಕ್ಟರು ಹುಡುಗಿ. ಪೊರೆ ಬಲಿತು ಊದಿ, ಕಣ್ಣಿನೊಳಗೆ ಒತ್ತಡ ಏರಿದೆ, ಒಳಗಿನ ನರಕ್ಕೆ ಪೆಟ್ಟಾಗಿದೆ ಎಂದು ವಿವರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಇತಕೇ ದಿವಸ ಕಾಯ್ ಕರತ್ ಹೋತಾ ತುಮ್ಹೀ?" ಎಂದು ಗದರಿಸಿದಳು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು.

ರೇಟು ಕೇಳುತ್ತಿದ್ದೆವು ಎಂದು ಹೇಗೆ ಹೇಳಲಿ?

ಒತ್ತಡ ಇಳಿದ ಮೇಲೆ ಅಲ್ಲೇ ಆಪರೇಶನ್ ಮಾಡಿದರು. ಯಾವ ಲೆನ್ಸು ಹಾಕಿದರೋ ನಮಗೆ ತಿಳಿಯದು. ಪಟ್ಟಿ ಬಿಚ್ಚಿದಾಗ ಎಡಗಣ್ಣಿಗೆ ಬೆಳಕು ಗೊತ್ತಾಗುತ್ತಿತ್ತು, ಕಣ್ಣೆದುರು ಕೈ ಆಡಿಸಿದರೆ ಆಡುವುದು ಗೊತ್ತಾಗುತ್ತಿತ್ತು. ಅಷ್ಟೇ. ಇನ್ನು ಹೆಚ್ಚು ಬರುವುದಿಲ್ಲ ಎಂದರು.

ಅಳಿಯ ಎರಡು ದಿನ ಸಪ್ಪಗಿದ್ದರು. ಮೂರನೆಯ ದಿನ ನಾನೇ ಕೆದಕಿದೆ. "ಭಾಷಣದಲ್ಲಿ ಇದನ್ನೂ ಓದುತ್ತೀರಾ?"

"ಅತ್ತೀ, ನನಗೂ ಸಂಕಟ ಆಗೇದ. ಆದ್ರ ಒಂದು ಕಣ್ಣು ಹಿಡಕೊಂಡು ದೇಶದ ನೀತಿ ಬರಿಯಾಕ ಆಗೂದಿಲ್ರೀ."

"ನಿಮಗೆ ಒಂದು ಕಣ್ಣು. ಅವಳಿಗೆ ಅರ್ಧ ದೃಷ್ಟಿ."

"ಒಪ್ಪಿದೆ. ಈಗ ನೀವು ಹೇಳ್ರಿ. ನೋವು ಇಲ್ದಾಗ, ಬರೇ ಪೊರಿ ಅಂತ ಆ ಸರಕಾರಿ ದವಾಖಾನಿಗೆ ಹೋಗಿದ್ರ ಯಾವಾಗ ಕರೀತಿದ್ರು? ಅಲ್ಲೀ ಸಾಲು ನೋಡೀರಿ ನೀವು. ಅಲ್ಲೂ ಕಾಯಬೇಕಾಗ್ತಿತ್ತು. ಇಲ್ಲೆ ರೇಟಿಗೆ ಕಾಯ್ದ್ರಿ, ಅಲ್ಲೆ ಪಾಳಿಗೆ ಕಾಯ್ತಿದ್ರಿ."

ಅವರು ಹೇಳಿದ್ದು ಸರಿ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಸುಳ್ಳು ಹೇಳಿದ್ದರೆ ಎರಡು ಮಾತು ಬೈದು ಹಗುರಾಗುತ್ತಿದ್ದೆ.

ಸಂಘದ ಚರ್ಚೆಗೆ ಹೋದೆ. ತಂಗಿ ಬರಲಿಲ್ಲ. ಅಳಿಯ ಚೆನ್ನಾಗಿ ಮಾತಾಡಿದರು. ನಾಲ್ಕು ಆಸ್ಪತ್ರೆಗಳ ದರವನ್ನು ಹೆಸರು ಬಿಟ್ಟು ಓದಿದರು, ಎದ್ದು ಹೊರಟಮೇಲೆ ಒಂದು ಕಡೆ ದರ ಇಳಿಸಿದ್ದನ್ನೂ ಹೇಳಿದರು. ಆಮೇಲೆ ಏನಾಯಿತು ಎಂದು ಹೇಳಲಿಲ್ಲ. ಚಪ್ಪಾಳೆ ಬಿತ್ತು. ಮೇಷ್ಟ್ರು ಕಾಗದ ನೋಡಿ ಓದಿದರು. ಬಡವರು, ಸಂವಿಧಾನ, ಬೇರೆ ದೇಶಗಳ ಪದ್ಧತಿ ಎಲ್ಲ ಬಂತು. ಅವರಿಗೂ ಅಷ್ಟೇ ಚಪ್ಪಾಳೆ. ಅವರು ಮೊಣಕಾಲಿನ ಆಪರೇಶನ್ ಥಾಣೆಯ ಭಾರೀ ಆಸ್ಪತ್ರೆಯಲ್ಲಿ ಮಾಡಿಸಿಕೊಂಡದ್ದು ಸಭೆಗೆಲ್ಲ ಗೊತ್ತಿತ್ತು.

ಪ್ರಶ್ನೆ ಕೇಳಬಹುದು ಎಂದಾಗ ನಾನು ಎದ್ದೆ. ನಾಲ್ಕನೇ ಕ್ಲಾಸು ಓದಿದವಳು, ಸಭೆಯಲ್ಲಿ ಅದೇ ಮೊದಲು ಬಾಯಿ ತೆರೆದದ್ದು. "ನನ್ನ ತಂಗಿಯ ಕಣ್ಣಿಗೆ ಮದ್ದು ಬಿಟ್ಟಿದ್ದರು. ಆಗ ರೇಟು ಏರಿಸಿದರು. ನಾನು ಅವಳನ್ನು ಎಬ್ಬಿಸಿಕೊಂಡು ಹೊರಟೆ..."

"ಅಮ್ಮಾ, ಪ್ರಶ್ನೆ ಮಾತ್ರ ಕೇಳಿ, ಚಿಕ್ಕದಾಗಿ," ಎಂದರು ಅಧ್ಯಕ್ಷರು.

ನನ್ನ ಹತ್ತಿರ ಚಿಕ್ಕದು ಇರಲಿಲ್ಲ. ಎಲ್ಲರೂ ಕುತ್ತಿಗೆ ತಿರುಗಿಸಿ ನೋಡುತ್ತಿದ್ದರು, ಅಳಿಯ ವೇದಿಕೆಯ ಮೇಲೆ ಮೈಕಿನ ವೈರು ನೋಡುತ್ತಿದ್ದರು. "ಎಬ್ಬಿಸಿದ್ದು ತಪ್ಪೋ, ಕೂರಿಸಬೇಕಿತ್ತೋ, ನೀವಿಬ್ಬರೂ ಹೇಳಿ" ಎಂದು ಕೂತೆ. ಮೇಷ್ಟ್ರು ಇದು ವ್ಯವಸ್ಥೆಯ ದೋಷ ಎಂದರು. ಅಳಿಯ ಮಾಹಿತಿಯ ಕೊರತೆ ಎಂದರು. ಅಧ್ಯಕ್ಷರು ಇಬ್ಬರಿಗೂ ಶಾಲು ಹೊದೆಸಿದರು. ಹೊರಗೆ ಅವಲಕ್ಕಿ, ಚಹಾ.

ಇನ್ನು ಉಳಿದದ್ದು ಬಲಗಣ್ಣು. ಅವಳು ಈಗ ಹೊಲಿಯುವುದು ಆ ಒಂದರಲ್ಲೇ, ಅದಕ್ಕೂ ಪೊರೆ ಬರುತ್ತಿದೆ. ಈ ಸಲ ತಡಮಾಡಬಾರದೆಂದು ಮನೆಯಲ್ಲಿ ಎಲ್ಲರಿಗೂ ಒಂದೇ ಅಭಿಪ್ರಾಯ. ಥಾಣೆಯಲ್ಲೇ ಮಾಡಿಸೋಣ, ಚೌಕಾಶಿ ಬೇಡ, ಪೂರ್ತಿ ನಾನೇ ಕೊಡುತ್ತೇನೆ ಎಂದರು ಅಳಿಯ. ಅದನ್ನು ಹೇಳಲು ನಾನು ಬದಲಾಪುರಕ್ಕೆ ಹೋದರೆ ಬಾಗಿಲಿಗೆ ಬೀಗ. ಬೆಳಗಿನ ಗಾಡಿಗೆ ಆಸ್ಪತ್ರೆಗೆ ಹೋಗಿದ್ದಾಳೆ ಎಂದಳು ನೆರೆಮನೆಯವಳು. ಫೋನು ಮಾಡಿದೆ.

"ಎಲ್ಲಿದ್ದಿ?"

"ಸರಕಾರಿ ಆಸ್ಪತ್ರೆಯಲ್ಲಿ. ಲೈನಿನಲ್ಲಿದ್ದೇನೆ."

"ಒಬ್ಬಳೇ ಯಾಕೆ ಹೋದ್ದು? ಅಳಿಯ ಥಾಣೆಯಲ್ಲಿ ಮಾಡಿಸ್ತಾರಂತೆ. ಪೂರ್ತಿ ಕೊಡ್ತಾರಂತೆ. ಬಾ ಈಚೆ."

"ಬೇಡ ಅಕ್ಕ. ದುಡ್ಡು ಕೊಡುವವರು ನೀವಾದ್ರೆ ರೇಟು ಕೇಳುವವರೂ ನೀವೇ ಆಗ್ತೀರಿ. ನನ್ನನ್ನು ಯಾರು ಕೇಳ್ತಾರೆ? ಇಲ್ಲಿ ಕಡೇಪಕ್ಷ ಹೆಸರು ನಂದು ಬರ್ಕೊಳ್ತಾರೆ."

"ಎಷ್ಟು ದಿನ ಕಾಯಿಸ್ತಾರೆ ಗೊತ್ತುಂಟಾ?"

"ತಾರೀಕು ಕೊಡ್ತಾರಂತೆ. ಲೈನು ಮುಂದೆ ಹೋಯ್ತು, ಇಡ್ತೇನೆ."

ಸಂಜೆ ಅವಳೇ ಫೋನು ಮಾಡಿದಳು. ಮೂರು ತಿಂಗಳ ಮೇಲಿನ ತಾರೀಕು ಕೊಟ್ಟಿದ್ದಾರೆ. ಅಷ್ಟರಲ್ಲಿ ಆ ಕಣ್ಣಿಗೂ ಹಾಗೇ ಆದರೆ ಎಂದು ನಾನು ಕೂಗಾಡಿದೆ. ಆದಾಗ ನೋಡುವ ಎಂದಳು. ಥಾಣೆಗೆ ಬಾ ಎಂದು ಮತ್ತೆ ಹೇಳಿದೆ. ಮತ್ತೆ ಬೇಡ ಎಂದಳು. ಗದರಿಸಿದೆ, ಅತ್ತಂತೆಯೂ ಮಾಡಿದೆ. ಅವಳು ಸಣ್ಣವಳಿದ್ದಾಗಿನಿಂದ ನನ್ನ ಮಾತು ಮೀರಿದವಳಲ್ಲ. ಈಗ ಮೀರಿದಳು.

ಅಳಿಯನ ಹತ್ತಿರ ಹೋಗಿ ಕೇಳಿದೆ, ಮೂರು ತಿಂಗಳು ಆ ಕಣ್ಣು ತಡೆಯುತ್ತದೋ ಎಂದು. "ಗೊತ್ತಿಲ್ರೀ ಅತ್ತಿ," ಎಂದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಇದನ್ನು ಬರೆಯುವಾಗ ಇನ್ನೂ ಏಳು ವಾರ ಉಳಿದಿದೆ. ದಿನಾ ಬೆಳಿಗ್ಗೆ ಅವಳಿಗೆ ಫೋನು ಮಾಡಿ, ಕಣ್ಣು ಕೆಂಪಾಗಿದೆಯೇ ಎಂದು ಕೇಳುತ್ತೇನೆ. ಕೆಲವು ದಿನ ಅವಳು ಫೋನೇ ಎತ್ತುವುದಿಲ್ಲ.